ಅಳತೆ ತಪ್ಪದ ಬಿಸ್ಕತ್ತು

ಟೇಪಣ್ಣ ಜೀವನದಲ್ಲಿ ಒಮ್ಮೆಯೂ ಸುಳ್ಳು ಹೇಳಿದವನಲ್ಲ ಎಂದರೆ ಅದೇ ದೊಡ್ಡ ಸುಳ್ಳಾಗುತ್ತದೆ. 'ನಾಳೆ ಬನ್ನಿ, ರೆಡಿ ಇರುತ್ತೆ' ಎಂದು ಹೇಳದ ಟೈಲರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಆದರೆ ಅಳತೆಯ ವಿಷಯದಲ್ಲಿ ಮಾತ್ರ ಅವನ ಬಾಯಿಂದ ಕಾಲಿಂಚು ಸುಳ್ಳೂ ಹೊರಬಿದ್ದಿರಲಿಲ್ಲ. ಅದೇ ಬೀದಿಯ ನಿವೃತ್ತ ಹೆಡ್‌ಮಾಸ್ಟರು ಪ್ಯಾಂಟಿಗೆ ಅಳತೆ ಕೊಡುವಾಗ ಉಸಿರು ಬಿಗಿಹಿಡಿದು, "ನಲವತ್ತು ಅಂತ ಬರ್ಕೊಳ್ಳಿ" ಅಂದರೆ, ಟೇಪಣ್ಣ ಗೋಡೆ ನೋಡುತ್ತಾ ಸುಮ್ಮನೆ ನಿಂತುಬಿಡುತ್ತಿದ್ದ. ಹೆಡ್‌ಮಾಸ್ಟರಾದರೂ ಎಷ್ಟು ಹೊತ್ತು ಅಂತ ಉಸಿರು ಹಿಡಿದಾರು? ಅವರು ಬಿಟ್ಟರು ಅನ್ನುವಷ್ಟರಲ್ಲಿ ಟೇಪು ಸುತ್ತಿ, ನಲವತ್ತಾರು ಎಂದು ಬರೆದುಕೊಳ್ಳುತ್ತಿದ್ದ.

"ನೀವು ಹೇಳಿದ್ದು ಬರೆದ್ರೆ ಪ್ಯಾಂಟಿಗೆ ಅರ್ಥ ಆಗಲ್ಲ ಸಾರ್" ಎನ್ನುತ್ತಿದ್ದ.

ಆ ನಲವತ್ತಾರು ಮಾತ್ರ ಹೊರಗೆ ಹೋಗುತ್ತಿರಲಿಲ್ಲ. ಇಡೀ ಬೀದಿಯ ಸೊಂಟ, ಎದೆ, ಭುಜ, ಕತ್ತು ಎಲ್ಲವೂ ಒಂದು ಉದ್ದನೆಯ ಅಳತೆ ಪುಸ್ತಕದಲ್ಲಿದ್ದವು. ಆ ಪುಸ್ತಕ ಮೇಜಿನ ಖಾನೆಯಲ್ಲಿ, ಖಾನೆಯ ಬೀಗದ ಕೈ ಅವನ ಸೊಂಟದಲ್ಲಿ. ಎದುರು ಮನೆಯಲ್ಲಿ ಜಿಮ್ ನಡೆಸುವ ಜಿಮ್ಮಣ್ಣನ ಕೋಟಿನ ಭುಜದೊಳಗೆ ಎಷ್ಟು ದಪ್ಪದ ಪ್ಯಾಡು ಕೂತಿದೆ ಎಂಬುದು ಜಿಮ್ಮಣ್ಣನ ಹೆಂಡತಿಗೂ ಗೊತ್ತಿರಲಿಲ್ಲ, ಟೇಪಣ್ಣನಿಗೆ ಗೊತ್ತಿತ್ತು. ಮೂವತ್ತೈದು ವರ್ಷ ಹೀಗೆ ಊರಿನ ಮಾನವನ್ನು ಖಾನೆಯಲ್ಲಿಟ್ಟು ಕಾಪಾಡಿದ ಮನುಷ್ಯ, ಒಂದು ಕ್ರಿಸ್‌ಮಸ್ ಬೆಳಿಗ್ಗೆ ಅದನ್ನೆಲ್ಲ ತೆಗೆದು ಮನೆಮನೆಯ ಬಾಗಿಲಿಗೆ ನೇತುಹಾಕಿಬಂದ. ಅದೂ ಬೆಣ್ಣೆ ಸಕ್ಕರೆ ಹಾಕಿ.

ತಪ್ಪು ಯಾರದು ಅಂತ ಕೇಳಿದರೆ ಅವನು ಅಕ್ಕನ ಕಡೆ ಬೆರಳು ತೋರಿಸುತ್ತಾನೆ. ಅಕ್ಕ ಅವನಿಗಿಂತ ಆರು ವರ್ಷ ದೊಡ್ಡವಳು. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅಕ್ಕ ತಮ್ಮ ಇಬ್ಬರದೇ ಸಂಸಾರ. ಅವಳು ಬ್ರೆಡ್ಡಿನ ಬೇಕರಿಯೊಂದರಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ವರ್ಷವಿಡೀ ತಮ್ಮನನ್ನು ಗದರಿಸುವುದು, ಡಿಸೆಂಬರ್ ಬಂತೆಂದರೆ ಬೀದಿಗೆಲ್ಲ ಬಿಸ್ಕತ್ತು ಮಾಡುವುದು, ಇವೆರಡೇ ಅವಳಿಗೆ ಜೀವ. ಬಿಸ್ಕತ್ತು ಎಂದರೆ ಶುಂಠಿ, ಚಕ್ಕೆಪುಡಿ ಹಾಕಿ, ಲೋಟದ ಬಾಯಿಂದ ಒತ್ತಿದ ದುಂಡನೆಯ ಬಿಸ್ಕತ್ತು. ಹಬ್ಬದ ಬೆಳಿಗ್ಗೆ ಎಲ್ಲರ ಮನೆಗೆ ಪೊಟ್ಟಣ ಹೋಗಬೇಕು, ಸಂಜೆ ಐದಕ್ಕೆ ಎಲ್ಲರೂ ಅವಳ ಮನೆಗೆ ಚಹಾಕ್ಕೆ ಬರಬೇಕು. ಬಂದು, ಹೊಗಳಬೇಕು. ಹೊಗಳದವರಿಗೆ ಎರಡನೇ ಲೋಟ ಚಹಾ ಇಲ್ಲ.

ಈ ಸಲ ಹಬ್ಬಕ್ಕೆ ಹತ್ತು ದಿನ ಇರುವಾಗ ಅಕ್ಕ ತೊಳೆದ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕುತ್ತಿದ್ದರೆ ಅವಳ ಚಿಂತೆ ಕೈಯದಲ್ಲ.

"ಹಿಟ್ಟು ನೀನು ಕಲಸ್ಬೇಕು ಕಣೋ" ಅಂದಳು.

"ನಾನಾ? ನನಗೆ ಚಹಾ ಮಾಡಕ್ಕೇ ಬರಲ್ಲ."

"ಅರವತ್ತು ವರ್ಷ ಆಯ್ತು, ಕಲಿ. ಇನ್ನೊಂದು ಮಾತು. ಅತ್ತಿಗೆ ಮನೆಗೆ ಪೊಟ್ಟಣ ತಗೊಂಡು ನೀನೇ ಹೋಗ್ಬೇಕು. ಸಂಜೆ ಬಾ ಅಂತ ಬಾಯ್ಬಿಟ್ಟು ಕರೀಬೇಕು. ನೀನು ಅವಳ ಮುಖ ನೋಡದೆ ಎಂಟು ತಿಂಗಳಾಯ್ತು, ನಾಚಿಕೆ ಆಗ್ಬೇಕು ನಿನಗೆ."

ಟೇಪಣ್ಣ ತಲೆ ತಗ್ಗಿಸಿದ. ಅವನಿಗೆ ಹಿಟ್ಟಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಈ ಎರಡನೇ ಮಾತು.

ಅತ್ತಿಗೆ ಎಂದರೆ ಪೋಸ್ಟಣ್ಣನ ಹೆಂಡತಿ. ಪೋಸ್ಟಣ್ಣ ಆ ಭಾಗಕ್ಕೆಲ್ಲ ಮೂವತ್ತು ವರ್ಷ ಟಪಾಲು ಹಂಚಿದವನು. ದಿನಾ ನಾಲ್ಕು ಗಂಟೆಗೆ ಟೇಪಣ್ಣನ ಅಂಗಡಿಯ ಬೆಂಚಿನ ಮೇಲೆ ಚೀಲ ಇಳಿಸಿ, ಒಂದು ಲೋಟ ಚಹಾ ಕುಡಿದು, ಊರಿನ ಸಮಾಚಾರವನ್ನೆಲ್ಲ ಹೇಳಿ ಎದ್ದುಹೋಗುತ್ತಿದ್ದ. ರಕ್ತಸಂಬಂಧವಿಲ್ಲದಿದ್ದರೂ ಅವನು ಅಣ್ಣ, ಅವನ ಹೆಂಡತಿ ಅತ್ತಿಗೆ. ನಿವೃತ್ತಿಯ ದಿನಕ್ಕೆ ಟೇಪಣ್ಣ ಅವನಿಗೊಂದು ಕೋಟು ಹೊಲಿಯುತ್ತೇನೆಂದು ಅಳತೆ ತೆಗೆದಿದ್ದ. ಚೀಲ ಹೊತ್ತು ಹೊತ್ತು ಪೋಸ್ಟಣ್ಣನ ಎಡಭುಜ ಎರಡು ಇಂಚು ಇಳಿದುಹೋಗಿತ್ತು. "ಕೋಟು ಹಾಕ್ಕೊಂಡ್ರೆ ಗೊತ್ತಾಗದ ಹಾಗೆ ಹೊಲೀತೀನಿ" ಎಂದು ಟೇಪಣ್ಣ ಮಾತು ಕೊಟ್ಟಿದ್ದ. ಟ್ರಯಲ್ಲಿಗೆ ಮೂರು ಸಲ 'ನಾಳೆ ಬಾ' ಎಂದೂ ಹೇಳಿದ್ದ. ನಾಲ್ಕನೆಯ ಸಲ ಬರುವ ಮೊದಲೇ ಪೋಸ್ಟಣ್ಣ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ.

ಮಣ್ಣಿಗೆ ಹೋದವರ ಗುಂಪಿನಲ್ಲಿ ಟೇಪಣ್ಣ ಇದ್ದ. ಆಮೇಲೆ ಆ ಮನೆಗೆ ಹೋಗಲಿಲ್ಲ. ಮೊದಲ ವಾರ ಏನು ಮಾತಾಡುವುದೆಂದು ತಿಳಿಯಲಿಲ್ಲ. ಎರಡನೇ ವಾರ, ಮೊದಲ ವಾರ ಯಾಕೆ ಬರಲಿಲ್ಲ ಎಂದು ಕೇಳಿದರೆ ಏನು ಹೇಳುವುದೆಂದು ತಿಳಿಯಲಿಲ್ಲ. ಹೀಗೇ ತಿಂಗಳುಗಳು ಉರುಳಿ, ತೋಳಿಲ್ಲದ ಕೋಟು ಅಂಗಡಿಯ ಮೂಲೆಯಲ್ಲಿ ಹಳೆಯ ಹೊದಿಕೆಯೊಂದರ ಕೆಳಗೆ ನೇತಾಡುತ್ತಾ ಉಳಿಯಿತು. ಅತ್ತಿಗೆ ಬೀದಿಯಲ್ಲಿ ಬರುವುದು ಕಂಡರೆ ಸಾಕು, ಟೇಪಣ್ಣ ಬಿದ್ದ ಸೂಜಿ ಹುಡುಕುವವನಂತೆ ಮೆಷಿನ್ನಿನ ಕೆಳಗೆ ಸೇರಿಬಿಡುತ್ತಿದ್ದ. ಆ ಎಂಟು ತಿಂಗಳಲ್ಲಿ ಅವನು ಹುಡುಕಿದಷ್ಟು ಸೂಜಿಗಳು ಯಾವ ಕಾರ್ಖಾನೆಯಲ್ಲೂ ತಯಾರಾಗಿರಲಿಕ್ಕಿಲ್ಲ.

ಹಬ್ಬದ ಹಿಂದಿನ ದಿನ ಅಂಗಡಿಗೆ ರಜೆ. ಅಕ್ಕ ಹೊರಕೋಣೆಯ ಕುರ್ಚಿಯಲ್ಲಿ ಕೈಯನ್ನು ದಿಂಬಿನ ಮೇಲಿಟ್ಟು ಆಸೀನಳಾದಳು. ಅಲ್ಲಿಂದ ಅಡುಗೆಮನೆ ಕಾಣುವುದಿಲ್ಲ, ಕೇಳುತ್ತದೆ ಅಷ್ಟೆ. ಅವಳಿಗೆ ಅಷ್ಟು ಸಾಕಿತ್ತು.

"ಬೆಣ್ಣೆ ಸಕ್ಕರೆ ಸೇರಿಸಿದ್ಯಾ?"

"ಸೇರಿಸ್ದೆ."

"ಸುಳ್ಳು. ಚಮಚದ ಸದ್ದೇ ಬರ್ಲಿಲ್ಲ."

ಟೇಪಣ್ಣ ಚಮಚದ ಸದ್ದು ಮಾಡಿದ.

"ಹಿಟ್ಟು ಹದಕ್ಕೆ ಬಂತಾ?"

"ಹದ ಅಂದ್ರೆ?"

"ಕಿವಿ ಹಾಲೆ ಮುಟ್ಟಿ ನೋಡ್ಕೋ. ಅಷ್ಟು ಮೆತ್ತಗಿರ್ಬೇಕು."

ಅವನು ಕಿವಿ ಮುಟ್ಟಿದ, ಹಿಟ್ಟು ಮುಟ್ಟಿದ, ಮತ್ತೆ ಕಿವಿ ಮುಟ್ಟಿದ. ಆ ಮೈದಾ ಹಬ್ಬ ಮುಗಿಯುವ ತನಕ ಅವನ ಕಿವಿಯಲ್ಲೇ ಇತ್ತು. "ಒಳ್ಳೆ ಫ್ಲಾನೆಲ್ ಬಟ್ಟೆ ಥರ ಇದೆ ಅಕ್ಕ" ಎಂದ.

"ಹಾಗಾದ್ರೆ ಲಟ್ಟಿಸಿ, ಲೋಟದಲ್ಲಿ ಒತ್ತು."

ಇಲ್ಲಿಗೆ ಬಂದಾಗ ಟೇಪಣ್ಣನ ತಲೆಗೆ ಹುಳ ಹೊಕ್ಕಿತು. ಮೇಜಿನ ಮೇಲೆ ಹಿಟ್ಟು ಒಂದೇ ಸಮನಾಗಿ ಹಾಸಿಕೊಂಡಿದೆ, ಗೀಟು ಹಾಕಿ ಕತ್ತರಿಸಿ ಅನ್ನುತ್ತಿದೆ. ಮೂವತ್ತೈದು ವರ್ಷ ಕತ್ತರಿ ಹಿಡಿದ ಕೈಗೆ ಲೋಟ ಕೊಟ್ಟು ದುಂಡಗೆ ಒತ್ತು ಅಂದರೆ ಅದು ಅವಮಾನವಲ್ಲವೇ? ದುಂಡನೆಯದಕ್ಕೆ ಕಟಿಂಗ್ ಉಂಟೇ, ಫಿಟಿಂಗ್ ಉಂಟೇ? ಅಕ್ಕ ಆಶ್ಚರ್ಯಪಡಲಿ, ಬೀದಿಯವರೂ ಮೂಗಿನ ಮೇಲೆ ಬೆರಳಿಡಲಿ ಅಂದುಕೊಂಡ. ಸದ್ದಾಗದಂತೆ ಅಂಗಡಿಗೆ ಹೋಗಿ ಅಳತೆ ಪುಸ್ತಕ ತಂದ. ಪ್ರತಿಯೊಬ್ಬರಿಗೂ ಅವರವರ ಮೈಕಟ್ಟಿನ ಒಂದೊಂದು ಮನುಷ್ಯಾಕೃತಿ, ಒಂದು ಅಡಿ ಎತ್ತರಕ್ಕೆ ಒಂದು ಇಂಚು ಬಿಸ್ಕತ್ತು. ಪುಟ ತಿರುಗಿಸುತ್ತಾ ಕಂದು ಕಾಗದದಲ್ಲಿ ಒಂದೊಂದೇ ನಮೂನೆ ಕತ್ತರಿಸಿದ. ಪುಸ್ತಕದಲ್ಲಿ ಹೆಸರಿಲ್ಲ, ಮನೆ ನಂಬರು ಮಾತ್ರ. ಕತ್ತರಿ ಓಡುವಾಗ ಟೈಲರನಿಗೆ ಮನುಷ್ಯರು ಕಾಣುವುದಿಲ್ಲ, ಇಂಚುಗಳು ಕಾಣುತ್ತವೆ. ಎದೆ ಮೂವತ್ತೆಂಟು, ಸೊಂಟ ಮೂವತ್ತನಾಲ್ಕು, ಎಡಭುಜ ಎರಡು ಇಂಚು ಕೆಳಗೆ. ಕತ್ತರಿ ಸುತ್ತಿಕೊಂಡು ಹೋಯಿತು, ಮುಂದಿನ ಪುಟ.

ಇನ್ನೊಂದು ಜಾಣತನವನ್ನೂ ಮಾಡಿದ. ಹೊಸ ಬಟ್ಟೆ ನೀರು ಕಂಡರೆ ಕುಗ್ಗುತ್ತದೆ, ಇಸ್ತ್ರಿ ಕಂಡರೆ ಕುಗ್ಗುತ್ತದೆ. ಓವನ್ ಎಂದರೆ ಇಸ್ತ್ರಿಯ ಅಪ್ಪ. ಆದ್ದರಿಂದ ಕುಗ್ಗುವುದಕ್ಕೆಂದು ಪ್ರತಿಯೊಬ್ಬರಿಗೂ ಸುತ್ತಲೂ ಒಂದಿಷ್ಟು ಹೆಚ್ಚು ಬಿಟ್ಟು ಕತ್ತರಿಸಿದ. ಬೆಣ್ಣೆ ಹಾಕಿದ ಹಿಟ್ಟು ಬಿಸಿಗೆ ಹರಡಿಕೊಳ್ಳುತ್ತದೆ ಎಂದು ಅವನಿಗೆ ಹೇಳುವವರು ಗೋಡೆಯ ಆಚೆ ಕೂತಿದ್ದರು, ಆದರೆ ಅವರಿಗೆ ಅವನು ಲೋಟ ಒತ್ತುತ್ತಿದ್ದಾನೆ ಎಂಬ ನಂಬಿಕೆ.

ಮೊದಲ ತಟ್ಟೆ ಹೊರಬಂತು. ಇಡೀ ಬೀದಿ ಒಂದೇ ಏಟಿಗೆ ಊದಿಕೊಂಡಿತ್ತು. ಹೆಡ್‌ಮಾಸ್ಟರ ಹೊಟ್ಟೆ ತಟ್ಟೆಯಲ್ಲಿ ಪಕ್ಕದಲ್ಲಿದ್ದ, ಅದೇ ಬೀದಿಯ ಔಷಧಿ ಅಂಗಡಿಯಮ್ಮನಿಗೆ ತಾಗುತ್ತಿತ್ತು. ಟೇಪಣ್ಣ ಸ್ವಲ್ಪ ಹೊತ್ತು ನೋಡಿದ. ತಣ್ಣಗಾದ ಮೇಲೆ ಇಳಿಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಎರಡನೇ ತಟ್ಟೆ ಒಳಗಿಟ್ಟ.

"ಘಮ ಚೆನ್ನಾಗಿ ಬರ್ತಿದೆ ಕಣೋ" ಅಂದಳು ಅಕ್ಕ ಹೊರಗಿಂದ. ಅವಳು ಹೊಗಳಿದ್ದು ಅವನ ಜೀವನದಲ್ಲಿ ಅದು ಎರಡನೇ ಸಲ.

ಮರುದಿನ ಬೆಳಿಗ್ಗೆ ಅಕ್ಕ ಪ್ರಾರ್ಥನೆಗೆಂದು ಚರ್ಚಿಗೆ ಹೋದಾಗ ಟೇಪಣ್ಣ ಪೊಟ್ಟಣಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ. ಎಲ್ಲದರ ಮೇಲೂ ನಂಬರು. ಹೆಚ್ಚಿನ ಮನೆಗಳಲ್ಲಿ ಜನರೂ ಚರ್ಚಿಗೆ ಹೋಗಿದ್ದರು, ಇಲ್ಲವೇ ಮಲಗಿದ್ದರು. ಬಾಗಿಲ ಹಿಡಿಗೆ ಕಟ್ಟಿದ, ಮುಂದೆ ನಡೆದ. ಹದಿನೇಳನೇ ನಂಬರಿನ ಮುಂದೆ ಅವನ ಕಾಲು ಒಂದು ಗಳಿಗೆ ನಿಂತಿತು. ಒಳಗೆ ಪಾತ್ರೆಯ ಸದ್ದು. ಬಾಯ್ಬಿಟ್ಟು ಕರೆಯಬೇಕು ಎಂದಿದ್ದಳಲ್ಲ ಅಕ್ಕ. ಪೊಟ್ಟಣ ಕಟ್ಟಿದರೆ ಕರೆದ ಹಾಗೇ ಅಲ್ಲವೇ ಎಂದು ತೀರ್ಮಾನಿಸಿ, ಕಟ್ಟಿ, ಕಳ್ಳನ ಹಾಗೆ ಬಂದುಬಿಟ್ಟ.

ಅಕ್ಕ ಬಂದವಳು ಮನೆಯಲ್ಲಿ ತನಗೆಂದು ಇಟ್ಟಿದ್ದನ್ನು ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದಳು.

"ಇದೇನೋ ಇದು, ಕಪ್ಪೆನಾ?"

"ನೀನೇ ಅಕ್ಕ."

ಮುಂದಿನ ಕಾಲು ಗಂಟೆ ಅಕ್ಕ ಏನೇನು ಅಂದಳು ಎಂಬುದನ್ನು ಹಬ್ಬದ ದಿನವಾದ್ದರಿಂದ ಇಲ್ಲಿ ಬರೆಯುವುದು ಬೇಡ. ಕೈ ಮುರಿದಿರದಿದ್ದರೆ ಹೊಡೆದೇ ಬಿಡುತ್ತಿದ್ದಳು. ಉಸಿರು ಸಿಕ್ಕಿದ ಮೇಲೆ ಕೇಳಿದಳು: "ಎಲ್ಲರಿಗೂ ಹೀಗೇನಾ? ಎಷ್ಟು ಮಾಡ್ದೆ?"

"ನಾವಿಬ್ಬರು ಬಿಟ್ಟು ನಲವತ್ತೊಂದು."

ಅಕ್ಕನ ಎಡಗೈ ಬೆರಳುಗಳು ಮನೆ ಮನೆ ಎಣಿಸಿದವು. "ಬೀದೀಲಿರೋದು ನಲವತ್ತೇ ಜನ ಅಲ್ವೇನೋ."

"ಇಲ್ಲ ಅಕ್ಕ, ಪುಸ್ತಕದಲ್ಲಿ..." ಎಂದವನ ಮಾತು ಅಲ್ಲೇ ನಿಂತಿತು. ಎಡಭುಜ ಎರಡು ಇಂಚು ಕೆಳಗೆ. ಹದಿನೇಳನೇ ನಂಬರು, ಎರಡು ನಮೂನೆ. ಅವನು ಆ ಪುಟವನ್ನು ಹೊಡೆದುಹಾಕಿರಲೇ ಇಲ್ಲ. ಹೊಡೆಯಲು ಮನಸ್ಸು ಬಂದಿರಲಿಲ್ಲ. ಸತ್ತವನನ್ನು ಬಿಸ್ಕತ್ತು ಮಾಡಿ, ಹಬ್ಬದ ದಿನ, ಹೆಂಡತಿಯ ಬಾಗಿಲಿಗೆ ನೇತುಹಾಕಿ ಬಂದಿದ್ದಾನೆ.

ಅಕ್ಕ ಈಗ ಬಯ್ಯಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ಭಯವಾಯಿತು. "ಹೋಗು. ಓಡು" ಎಂದಳು.

ಅವನು ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡೇ ಓಡಿದ. ಹದಿನೇಳನೇ ನಂಬರಿನ ಬಾಗಿಲ ಹಿಡಿ ಖಾಲಿಯಾಗಿತ್ತು. ಒಳಗೆ ಈಗ ಪಾತ್ರೆಯ ಸದ್ದೂ ಇಲ್ಲ. ತಟ್ಟಲು ಕೈ ಎತ್ತಿದ. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಆಮೇಲೆ ಅದೇ ಕೈಯಿಂದ ಮುಖ ಒರೆಸಿಕೊಂಡು ಮನೆಗೆ ಬಂದ. ಟೇಪಣ್ಣ ಹೇಡಿ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಐದು ಗಂಟೆಯಾಯಿತು. ಅಕ್ಕ ಎಡಗೈಯಲ್ಲೇ ಹಾಸುಬಟ್ಟೆ ಎಳೆದು ಸರಿಮಾಡಿ ಕೂತಿದ್ದಳು. ಯಾರೂ ಬರಲಿಲ್ಲ. ಐದೂ ಕಾಲು. ಚಹಾ ಒಂದು ಸಲ ಆರಿತು, ಮತ್ತೆ ಬಿಸಿಯಾಯಿತು. ಐದೂವರೆಗೆ ಅಕ್ಕ, "ಮೂವತ್ತು ವರ್ಷಕ್ಕೆ ಇದೇ ಮೊದಲ ಸಲ" ಎಂದಳು. ಟೇಪಣ್ಣನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಬಾಗಿಲು ದಬದಬ ಬಡಿಯಿತು. ಹೆಡ್‌ಮಾಸ್ಟರು! ಕೈಯಲ್ಲಿ ಕರವಸ್ತ್ರ, ಕರವಸ್ತ್ರದಲ್ಲಿ ಹೆಡ್‌ಮಾಸ್ಟರು.

"ಏನ್ರೀ ಇದು? ಇದು ನಲವತ್ತಾರು ಅಲ್ಲ, ಐವತ್ತೆರಡು! ನಾನೇ ಸ್ಕೇಲ್ ಹಿಡಿದು ಲೆಕ್ಕ ಹಾಕಿದೀನಿ. ನಿಮ್ಮ ಅಂಗಡಿ ಬೋರ್ಡಲ್ಲಿ ಏನಿದೆ? ಒಂದು ವಾರದೊಳಗೆ ಆಲ್ಟ್ರೇಷನ್ ಉಚಿತ. ಸರಿ ಮಾಡಿ ಕೊಡಿ!"

ಬಾಯ್ತಪ್ಪಿ ತಮ್ಮ ನಿಜವಾದ ಅಳತೆ ಹೇಳಿಬಿಟ್ಟದ್ದು ಅವರಿಗೆ ತಡವಾಗಿ ಹೊಳೆಯಿತು. ಅಷ್ಟರಲ್ಲಿ ಹಿಂದೆ ನಿಂತಿದ್ದ ಔಷಧಿ ಅಂಗಡಿಯಮ್ಮ, "ನಲವತ್ತಾರಾ ಸಾರ್? ನನ್ನ ಹತ್ರ ತೂಕ ನೋಡ್ಕೊಂಡಾಗೆಲ್ಲ ಮೆಷಿನ್ ಕೆಟ್ಟಿದೆ ಅಂತಿದ್ರಿ" ಎಂದಳು. ಅವಳ ಕೈಯಲ್ಲೂ ಒಂದು ಪೊಟ್ಟಣವಿತ್ತು. ಅವಳ ಹಿಂದೆ ಇನ್ನೂ ನಾಲ್ವರು. ಅವರ ಹಿಂದೆ ಜಿಮ್ಮಣ್ಣ, ಹೆಂಡತಿಗೆ ಕಾಣದಂತೆ ಕೋಟಿನೊಳಗೆ ಏನನ್ನೋ ಅವುಚಿಕೊಂಡು.

"ಟೇಪಣ್ಣ, ಒಂಚೂರು ಪಕ್ಕಕ್ಕೆ ಬನ್ನಿ" ಎಂದು ಪಿಸುಗುಟ್ಟಿದ. "ಹೊಟ್ಟೆ ಹೇಗಾದ್ರೂ ಇರ್ಲಿ. ಭುಜಕ್ಕೆ ಏನಾದ್ರೂ ಸೇರ್ಸೋಕಾಗುತ್ತಾ?"

ಹೀಗೆ ಅಕ್ಕನ ಮನೆ ಆ ವರ್ಷವೂ ತುಂಬಿತು, ಜಗಳಕ್ಕೆಂದು ಬಂದವರಿಂದ. ಟೇಪಣ್ಣ ಮೇಜಿನ ಮುಂದೆ ಕೂತು ಜಾಯಿಕಾಯಿ ತುರಿಯುವ ಸಣ್ಣ ತುರಿಮಣೆಯಿಂದ ಬೀದಿಯವರ ಸೊಂಟ ತುರಿಯತೊಡಗಿದ. ಸರದಿಯಲ್ಲಿ ಬನ್ನಿ, ಎಡಗಡೆ ಇನ್ನೊಂಚೂರು ಇಳಿಸಿ, ಅಯ್ಯೋ ಜಾಸ್ತಿ ಆಯ್ತು ಎಂಬ ಗದ್ದಲ. ತುರಿದ ಪುಡಿಯನ್ನು ಜನ ತಟ್ಟೆಯಿಂದ ಬಾಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. "ರುಚಿ ಮಾತ್ರ ಚೆನ್ನಾಗಿದೆ ಕಣ್ರೀ" ಎಂದು ಹೆಡ್‌ಮಾಸ್ಟರು ತಮ್ಮದೇ ಹೊಟ್ಟೆಯನ್ನು ಮೆಲ್ಲುತ್ತಾ ಹೇಳಿದಾಗ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅವರಿಗೆ ಎರಡನೇ ಲೋಟ ಚಹಾ ಸಿಕ್ಕಿತು.

ಬಾಗಿಲ ಬಳಿ ಇದ್ದವರು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಟೇಪಣ್ಣ ತಲೆ ಎತ್ತಿದ.

ಅತ್ತಿಗೆ ನಿಂತಿದ್ದರು. ಕೈಯಲ್ಲಿ ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆ. ಟೇಪಣ್ಣನ ಕಣ್ಣು ತನ್ನಷ್ಟಕ್ಕೆ ಮೇಜಿನ ಕೆಳಗೆ ಇಳಿಯಿತು. ಆದರೆ ಅಲ್ಲಿ ಹುಡುಕಲು ಸೂಜಿ ಇರಲಿಲ್ಲ. ಅವರು ನೇರವಾಗಿ ಬಂದು, ಪೆಟ್ಟಿಗೆಯನ್ನು ಅವನ ಮುಂದಿಟ್ಟು ಮುಚ್ಚಳ ತೆಗೆದರು. ಹತ್ತಿಯ ಮೇಲೆ ಪೋಸ್ಟಣ್ಣ ಮಲಗಿದ್ದ. ಬಲಗಾಲು ಮಂಡಿಯ ಹತ್ತಿರ ಮುರಿದಿತ್ತು.

"ಏನಪ್ಪಾ" ಎಂದರು ಅತ್ತಿಗೆ. "ಎಂಟು ತಿಂಗಳಿಂದ ನೀನು ಬರ್ತೀಯ ಅಂತ ಕಾದೆ. ನೀನು ಬರ್ಲಿಲ್ಲ. ಬದಲಿಗೆ ನೀನು ಅವರನ್ನ ಕಳಿಸ್ದೆ."

"ತಪ್ಪಾಯ್ತು ಅತ್ತಿಗೆ. ಪುಸ್ತಕ ನೋಡ್ಕೊಂಡು ಕತ್ತರಿಸ್ತಾ ಹೋದೆ. ಕೈ ಕೆಲಸ ಮಾಡ್ತಿತ್ತು, ತಲೆ ಇರ್ಲಿಲ್ಲ."

"ಗೊತ್ತು. ತಲೆ ಇದ್ದಿದ್ರೆ ನೀನು ಇದನ್ನ ಮಾಡ್ತಾನೇ ಇರ್ಲಿಲ್ಲ." ಅವರು ಕುರ್ಚಿ ಎಳೆದು ಕೂತರು. "ಪೊಟ್ಟಣ ಬಿಚ್ದಾಗ ಯಾರಪ್ಪಾ ಇದು ಇಷ್ಟು ದಪ್ಪ ಅಂತ ನಗು ಬಂತು. ಆಮೇಲೆ ಭುಜ ನೋಡ್ದೆ."

ಅತ್ತಿಗೆ ಪೆಟ್ಟಿಗೆಯೊಳಗಿನ ಹತ್ತಿಯನ್ನು ಸರಿಮಾಡಿದರು.

"ಮನೇಲಿ ಹನ್ನೊಂದು ಫೋಟೋ ಇದೆ. ಎಲ್ಲಾದ್ರಲ್ಲೂ ನೆಟ್ಟಗೆ ನಿಂತಿದಾರೆ. ಫೋಟೋ ತೆಗೆಯೋರು ಭುಜ ಎತ್ತಿ, ಭುಜ ಎತ್ತಿ ಅಂತಿದ್ರಲ್ಲ. ಇವರು ದಿನಾ ಬಾಗಿಲಲ್ಲಿ ಬಂದು ನಿಂತ್ಕೋತಿದ್ದ ಹಾಗೆ ಒಂದರಲ್ಲೂ ಇಲ್ಲ. ಇದರಲ್ಲಿದೆ."

ಟೇಪಣ್ಣನಿಗೆ ಅಳು ಬಂತು. ಕಿವಿಯಲ್ಲಿ ಮೈದಾ ಇಟ್ಟುಕೊಂಡೇ ಎಲ್ಲರೆದುರು ಅತ್ತ. ಎಂಟು ತಿಂಗಳಿಂದ ಅಳಬೇಕಾಗಿದ್ದುದನ್ನು ಅಲ್ಲಿ ಅತ್ತು ಮುಗಿಸಿದ. ಹೆಡ್‌ಮಾಸ್ಟರು ಏನಾದರೂ ಉಪಕಾರ ಮಾಡೋಣವೆಂದು ಎದ್ದು, "ಕೊಡಿ ಅಮ್ಮ, ಮೊದಲು ನಿಮ್ಮದೇ ಆಗ್ಲಿ, ಸೊಂಟ ಇಳಿಸಿ ಕೊಡ್ತಾರೆ" ಎಂದರು. ಅಕ್ಕ ಪ್ಲಾಸ್ಟರಿನ ಕೈಯಿಂದಲೇ ಅವರನ್ನು ತಿವಿದು ಕೂರಿಸಿದಳು.

"ಏನೂ ಇಳಿಸೋದು ಬೇಡ" ಎಂದರು ಅತ್ತಿಗೆ. "ಬರೋವಾಗ ಪೆಟ್ಟಿಗೆ ಗೇಟಿಗೆ ತಾಗಿ ಕಾಲು ಮುರೀತು. ಅದೊಂದು ಜೋಡಿಸಿ ಕೊಡು."

ಸಕ್ಕರೆಪುಡಿಗೆ ನಾಲ್ಕು ಹನಿ ನೀರು ಹಾಕಿ ಗಟ್ಟಿಯಾಗಿ ಕಲಸುವುದನ್ನು ಅಕ್ಕ ಹೇಳಿಕೊಟ್ಟಳು, ಈ ಸಲ ಗದರಿಸದೆ. ಟೇಪಣ್ಣ ಮುರಿದ ಅಂಚಿಗೆ ಹಚ್ಚಿ, ಕಾಲನ್ನು ಕೂರಿಸಿ, ಎರಡು ಬೆರಳಲ್ಲಿ ಹಿಡಿದುಕೊಂಡ. ಅದು ಒಣಗುವ ತನಕ ಬಿಡುವಂತಿಲ್ಲ. ಅತ್ತಿಗೆ ಪಕ್ಕದಲ್ಲೇ ಕೂತು ಚಹಾ ಕುಡಿದರು. ಬೀದಿಯವರು ಮೆಲ್ಲನೆ ಮತ್ತೆ ಮಾತಿಗೆ ತೊಡಗಿದರು. ಜಿಮ್ಮಣ್ಣ ತನ್ನ ಬಿಸ್ಕತ್ತನ್ನು ಹೊರಗೆ ತೆಗೆದು, ಹೆಂಡತಿಯ ಎದುರೇ ಕಚ್ಚಿ ತಿಂದ.

"ಕೋಟು ಏನಾಯ್ತು?" ಎಂದು ಕೇಳಿದರು ಅತ್ತಿಗೆ.

ನಾಳೆ ಬನ್ನಿ, ರೆಡಿ ಇರುತ್ತೆ ಎಂಬ ಮಾತು ಅಭ್ಯಾಸಬಲದಿಂದ ಟೇಪಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. "ತೋಳು ಹಾಕಿಲ್ಲ ಅತ್ತಿಗೆ. ಕೈ ಬರ್ಲಿಲ್ಲ."

"ಹಾಕು. ಚಳಿಗೆ ನಾನೇ ಹಾಕ್ಕೋತೀನಿ."

ಟೇಪಣ್ಣ ಒಂದು ಕೈಯಲ್ಲಿ ಪೋಸ್ಟಣ್ಣನ ಕಾಲು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಕೊರಳಿನ ಟೇಪು ಎಳೆದ. ಅತ್ತಿಗೆ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ನನ್ನ ಅಳತೆ ಬೇಡಪ್ಪ. ಅವರದಕ್ಕೇ ಇರ್ಲಿ. ಭುಜ ಮುಚ್ಚೋ ಕೆಲಸಾನೂ ಬೇಡ, ಇದ್ದ ಹಾಗೇ ಇರ್ಲಿ. ಯಾವತ್ತು ಬರ್ಲಿ?"

"ನೀವು ಬರ್ಬೇಡಿ. ನಾನೇ ತಂದುಕೊಡ್ತೀನಿ, ನಾಳೆ."

ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು, ಅತ್ತಿಗೆಯೂ ನಕ್ಕರು. ಟೇಪಣ್ಣನ 'ನಾಳೆ' ಏನೆಂದು ತಿಳಿಯದವರು ಅಲ್ಲಿ ಯಾರಿದ್ದರು?

ಮರುದಿನ ಅಂಗಡಿಗೆ ಬಂದ ಗಿರಾಕಿಗಳು ಬಾಗಿಲು ಹಾಕಿದ್ದು ಕಂಡು ಹಿಂದಿರುಗಿದರು. ಒಳಗೆ ಮೆಷಿನ್ನು ಓಡುವ ಸದ್ದು ಮಾತ್ರ ಕೇಳುತ್ತಿತ್ತು. ಪೋಸ್ಟಣ್ಣ ಬೆಂಚಿನ ಮೇಲೆ ಚೀಲ ಇಳಿಸುತ್ತಿದ್ದ ಹೊತ್ತಿಗೆ, ಸರಿಯಾಗಿ ನಾಲ್ಕು ಗಂಟೆಗೆ, ಟೇಪಣ್ಣ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಹೋಗಿ ಹದಿನೇಳನೇ ನಂಬರಿನ ಬಾಗಿಲು ತಟ್ಟಿದ.